ಶಾಸನಕ್ಕೆ ಸಿಗದ ಮಡಿ: ಭಟ್ಕಳ ಸೀಮೆಯ ಹಿತ್ತಲ ತರಕಾರಿಯ ಚರಿತ್ರೆ

ಕರ್ನಾಟಕದ ಕರಾವಳಿಯ ಆರ್ಥಿಕ ಚರಿತ್ರೆ ಬಹುಮಟ್ಟಿಗೆ ಹಡಗು ಹತ್ತಿದ ಸರಕಿನ ಚರಿತ್ರೆಯಾಗಿದೆ. ಸುಮಾರು 1516ರಲ್ಲಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ ಭಟ್ಕಳದ ಬಂದರಿನಿಂದ ಹೊರಹೋಗುತ್ತಿದ್ದ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಹೆಸರಿಸುತ್ತಾನೆ. ಹೊರಗಿನಿಂದ ಬರುತ್ತಿದ್ದ ಕುದುರೆಗಳನ್ನೂ ಹೇಳುತ್ತಾನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಹಾಡುವಳ್ಳಿ, ಗೇರುಸೊಪ್ಪೆ, ಭಟ್ಕಳಗಳ ಬಸದಿಗಳನ್ನು ಕಟ್ಟಿಸಿದ ಸಂಪತ್ತಿನ ಮೂಲವನ್ನು ಅರಸುವ ಸಂಶೋಧಕರು ಈ ವಾಣಿಜ್ಯದ ಕಡೆಗೆ ಕೈತೋರುತ್ತಾರೆ. ಅದು ಸರಿಯೂ ಹೌದು. ಆದರೆ ಮೆಣಸು ಮಾರಿದವರೂ, ಅಡಿಕೆ ಸುಲಿದವರೂ, ಬಸದಿಯ ಕಲ್ಲು ಕಡಿದವರೂ ಅನ್ನದ ಜೊತೆಗೆ ಉಂಡದ್ದೇನು, ಅದು ಎಲ್ಲಿ ಬೆಳೆಯಿತು, ಯಾರು ಬೆಳೆದರು ಎಂಬ ಪ್ರಶ್ನೆಗೆ ಈ ಚರಿತ್ರೆಯಲ್ಲಿ ಉತ್ತರವಿಲ್ಲ.

ಉತ್ತರವಿದ್ದ ಸ್ಥಳ ಹಿತ್ತಲು. ಮನೆಯ ಹಿಂಬದಿಯಲ್ಲಿ, ಬಾವಿಗೂ ಬಚ್ಚಲಿಗೂ ನಡುವೆ ಎತ್ತರಿಸಿದ ನಾಲ್ಕಾರು ಮಣ್ಣಿನ ಮಡಿಗಳು. ಇಂದು ನಗರದ ತೋಟಗಾರಿಕೆಯ ಪುಸ್ತಕಗಳು ‘ಏರುಮಡಿ’ ಎಂಬ ಹೆಸರಿನಲ್ಲಿ ಹೊಸ ವಿಧಾನವೆಂಬಂತೆ ಪರಿಚಯಿಸುತ್ತಿರುವುದು ಈ ಕರಾವಳಿಗೆ ಹೊಸತಲ್ಲ. ಹೊಸತೆಂದು ತೋರುವುದಕ್ಕೆ ಕಾರಣ, ಹಳತರ ದಾಖಲೆ ಇಲ್ಲದಿರುವುದು. ಆ ದಾಖಲೆ ಏಕೆ ಇಲ್ಲ, ಇಲ್ಲದಾಗ ಚರಿತ್ರೆಯನ್ನು ಯಾವುದರಿಂದ ಓದಬೇಕು ಎಂಬುದು ಇಲ್ಲಿಯ ವಿಚಾರ.

ಮಳೆಯ ನಾಡಿನ ಮಣ್ಣು

ಭಟ್ಕಳ ಪಟ್ಟಣಕ್ಕೆ ಹೊಂದಿಕೊಂಡಿರುವ ಮುಟ್ಟಳ್ಳಿ ಗುಡ್ಡದ ಬುಡಕ್ಕೂ ಗದ್ದೆಬಯಲಿಗೂ ನಡುವಿನ ಗ್ರಾಮ. ಈಗ ಪಟ್ಟಣ ಅದರೊಳಕ್ಕೆ ಬೆಳೆಯುತ್ತಿದೆ. ಭಟ್ಕಳದಿಂದ ಕುಮಟೆಯವರೆಗಿನ ಈ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಉಳಿದ ಎಂಟು ತಿಂಗಳಲ್ಲಿ ಚಿರೆಕಲ್ಲಿನ ನೆಲ ಒಣಗಿ ಗಟ್ಟಿಯಾಗುತ್ತದೆ. ಅಂದರೆ ಒಂದೇ ಮಣ್ಣು ವರ್ಷದಲ್ಲಿ ಎರಡು ವಿರುದ್ಧ ಅವಸ್ಥೆಗಳನ್ನು ಕಾಣುತ್ತದೆ: ಒಮ್ಮೆ ನೀರು ಹೆಚ್ಚಾಗಿ ಬೇರು ಕೊಳೆಯುವ ಭಯ, ಇನ್ನೊಮ್ಮೆ ನೀರು ಸಾಲದೆ ಬೇರು ಒಣಗುವ ಭಯ.

ಹಿತ್ತಲಿನ ಕೃಷಿ ಈ ಎರಡಕ್ಕೂ ಮಣ್ಣಿನ ಆಕಾರವನ್ನೇ ಬದಲಿಸಿ ಉತ್ತರ ಕೊಟ್ಟಿತು. ಮುಂಗಾರು ಹಿಡಿಯುವ ಮುನ್ನ, ರೋಹಿಣಿ ಮಳೆಯ ಹೊತ್ತಿಗೆ, ನೆಲವನ್ನು ತೋಡಿ ನೀರು ಹರಿಯುವ ದಾರಿಯನ್ನು ಮೊದಲು ಮಾಡುತ್ತಾರೆ. ತೋಡಿ ತೆಗೆದ ಮಣ್ಣನ್ನು ಪಕ್ಕಕ್ಕೆ ಏರಿಸಿದರೆ ಮಡಿ ತಾನಾಗಿ ಎದ್ದುನಿಲ್ಲುತ್ತದೆ. ಅದಕ್ಕೆ ಕೊಟ್ಟಿಗೆಯ ಗೊಬ್ಬರವೂ, ತರಗೆಲೆಯ ಮೇಲೆ ಮಣ್ಣು ಹೊದಿಸಿ ಸುಟ್ಟ ಸುಡುಮಣ್ಣೂ ಸೇರುತ್ತವೆ. ಸೌತೆ, ಹೀರೆ, ಬೆಂಡೆ, ಹಾಗಲ, ಪಡವಲಗಳು ಈ ಏರಿನ ಮೇಲೆ ಮಳೆಗಾಲವನ್ನು ಕಳೆಯುತ್ತವೆ. ಮಳೆ ನಿಂತು ಹಿಂಗಾರಿನ ಬಿಸಿಲು ಬಿದ್ದ ಮೇಲೆ ಕ್ರಮ ತಿರುಗುಮುರುಗಾಗುತ್ತದೆ. ಮಡಿಯ ತಲೆಯನ್ನು ತಗ್ಗಿಸಿ, ಅಂಚನ್ನು ಕಟ್ಟಿ, ಎರೆದ ನೀರು ಒಳಗೇ ನಿಲ್ಲುವಂತೆ ಪಾತಿ ಮಾಡುತ್ತಾರೆ. ಹರಿವೆ, ಮೂಲಂಗಿ, ಬದನೆಗಳು ಈ ಕಾಲದವು. ಬಚ್ಚಲ ನೀರು ಹರಿಯುವಲ್ಲಿ ಬಸಳೆಯ ಚಪ್ಪರ.

ಈ ಕ್ರಮದಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಮಳೆಗಾಲದಲ್ಲಿ ಮಡಿ ಗಿಡಕ್ಕೆ ಮಣ್ಣನ್ನು ಒದಗಿಸುವುದಕ್ಕಿಂತ ಹೆಚ್ಚಾಗಿ ನೀರನ್ನು ಸಾಗಹಾಕುತ್ತದೆ. ಕಾಲುವೆಯಿಲ್ಲದ ಏರುಮಡಿ ಕರಾವಳಿಯಲ್ಲಿ ಅರ್ಥವಿಲ್ಲದ ವಸ್ತು. ಕುಮಟೆಯ ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಗಳಲ್ಲಿ ಬೆಳೆಯುವ ಸಿಹಿ ಈರುಳ್ಳಿ ಇದರ ಇನ್ನೊಂದು ಮುಖವನ್ನು ತೋರುತ್ತದೆ. ಭತ್ತದ ಕೊಯ್ಲು ಮುಗಿದು ನೀರು ಇಳಿದ ಗದ್ದೆಯಲ್ಲಿ ಈರುಳ್ಳಿಯ ಮಡಿಗಳು ಏಳುತ್ತವೆ; ಗಡ್ಡೆ ಬಲಿತ ಮೇಲೆ ಜುಟ್ಟನ್ನು ಹೆಣೆದು ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುತ್ತಾರೆ. ಮಳೆಯಲ್ಲಿ ಅನ್ನ, ಬಿಸಿಲಿನಲ್ಲಿ ಈರುಳ್ಳಿ ಕೊಡುವ ಈ ಗದ್ದೆ ಹಿತ್ತಲಿನ ವಿದ್ಯೆಯೇ ಬಯಲಿಗೆ ಇಳಿದ ರೂಪ.

ತೆರಿಗೆಯ ಕಣ್ಣಿಗೆ ಬೀಳದ ನೆಲ

ಇಷ್ಟು ವ್ಯವಸ್ಥಿತವಾದ ಕೃಷಿ ಬರಹಕ್ಕೆ ಬಾರದೆ ಉಳಿದುದೇಕೆ? ಮೊದಲ ಕಾರಣ ಕಂದಾಯ. ಭೂಮಿಯ ಬಗೆಗಿನ ನಮ್ಮ ಹಳೆಯ ಬರಹಗಳೆಲ್ಲ ದಾನದಿಂದಲೋ ತೆರಿಗೆಯಿಂದಲೋ ಹುಟ್ಟಿದವು. ಶಾಸನಗಳಲ್ಲಿ ಗದ್ದೆ ಬರುತ್ತದೆ, ತೆಂಗಿನ ತೋಟ ಬರುತ್ತದೆ. ದೇವರ ಪೂಜೆಗೆ ಬೇಕಾದ ಪೂದೋಂಟವೂ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಹೂವಿನ ತೋಟಕ್ಕೆ ದಾನಿಯಿದ್ದಾನೆ, ದೇವರಿದ್ದಾನೆ, ಸಾಕ್ಷಿಗಳಿದ್ದಾರೆ. ಹರಿವೆಯ ಮಡಿಗೆ ಇವರಾರೂ ಇಲ್ಲ.

17ನೆಯ ಶತಮಾನದಲ್ಲಿ ಈ ಸೀಮೆಯನ್ನೂ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಕನ್ನಡ ನಾಡಿನ ಪ್ರಸಿದ್ಧ ಕಂದಾಯ ವ್ಯವಸ್ಥೆ. ಅಲ್ಲಿ ಭತ್ತದ ಗದ್ದೆಗೆ ಅದರ ಫಲವತ್ತತೆಯ ಲೆಕ್ಕ, ಅಡಿಕೆಯ ತೋಟಕ್ಕೆ ಸಾವಿರ ಮರದ ಲೆಕ್ಕ. ಕಾಯಿಪಲ್ಲೆ ಬೆಳೆಯುವ ಮನೆಯ ಹಿಂಬದಿಯನ್ನು ಅಳೆಯಲು ಇಂಥ ಮಾನ ಬೆಳೆಯಲಿಲ್ಲ. 1801ರಲ್ಲಿ ಭಟ್ಕಳ, ಹೊನ್ನಾವರ, ಕುಮಟೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೃಷಿಯನ್ನು ಸೂಕ್ಷ್ಮವಾಗಿ ಕಂಡವನು. ಚಿರೆಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟವನೂ ಆತನೇ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥ ಕಂಪನಿಯ ಸರ್ಕಾರಕ್ಕಾಗಿ ನಡೆದ ಸಮೀಕ್ಷೆಯ ಫಲ. ಅದರ ತೂಕವೆಲ್ಲ ಭತ್ತ, ಅಡಿಕೆ, ಮೆಣಸು, ಗೇಣಿ, ಕಂದಾಯಗಳ ಮೇಲೆ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಮುಂಬಯಿಯ ಗ್ಯಾಸೆಟಿಯರ್ ಮಾಲೆಯಲ್ಲಿ ಈ ಜಿಲ್ಲೆಯ ಸಂಪುಟ 1883ರಲ್ಲಿ ಬಂತು. ಅಲ್ಲಿಯೂ ಒತ್ತು ಬದಲಾಗಲಿಲ್ಲ. ಬೊಕ್ಕಸಕ್ಕೆ ಹಣ ತಾರದ ನೆಲ ಬರಹಗಾರನ ಕಣ್ಣಿಗೆ ಹಿನ್ನೆಲೆಯಾಗಿಯೇ ಉಳಿಯಿತು.

ಎರಡನೆಯ ಕಾರಣ, ಈ ನೆಲದ ಒಡೆತನ. ಹಿತ್ತಲು ಹೆಂಗಸರ ಕ್ಷೇತ್ರ. ಸೌತೆಯ ಬೀಜವನ್ನು ಸಗಣಿಯಲ್ಲಿ ಹಚ್ಚಿ ಗೋಡೆಗೆ ತಟ್ಟಿ ಕಾಪಿಡುವುದು, ಬೂದಿಯಲ್ಲಿ ಬೀಜ ಹೊರಳಿಸುವುದು, ಬಲಿತ ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುವುದು, ಯಾವ ಮಡಿಯಲ್ಲಿ ಕಳೆದ ವರ್ಷ ಏನಿತ್ತೆಂದು ನೆನಪಿಡುವುದು, ಇವೆಲ್ಲ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ದಾಟಿದ ವಿದ್ಯೆಗಳು. ಇವುಗಳನ್ನು ದಾನ ಕೊಡಲಾಗದು, ಒತ್ತೆಯಿಡಲಾಗದು. ಹಾಗಾಗಿ ಇವು ಪತ್ರಕ್ಕೆ ಏರಲಿಲ್ಲ. ಕುಮಟೆ, ಗೋಕರ್ಣ, ಅಂಕೋಲೆಗಳ ಪೇಟೆಗೆ ಬುಟ್ಟಿಯಲ್ಲಿ ತರಕಾರಿ ತರುವ ಹಾಲಕ್ಕಿ ಒಕ್ಕಲ ಹೆಂಗಸರು ಈ ಪರಂಪರೆಯ ಎದ್ದುಕಾಣುವ ಪ್ರತಿನಿಧಿಗಳು. ಅದೇ ಸಮುದಾಯದ, ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ಕಾಡುಮರಗಳ ಸಸಿ ಎಬ್ಬಿಸಿದರು. ಅವರಿಗೆ 2020ರ ಪದ್ಮಶ್ರೀ ಸಂದಾಗ ನಾಡು ಅದನ್ನು ಬೆರಗಿನಿಂದ ನೋಡಿತು. ಶಾಲೆಯ ಮುಖ ಕಾಣದ ಒಬ್ಬರಲ್ಲಿ ಇಷ್ಟು ಜ್ಞಾನವೆಲ್ಲಿಂದ ಬಂತೆಂದು ಕೇಳಿದವರು, ಸಸಿಮಡಿಯೆಂಬ ಪಾಠಶಾಲೆ ಆ ಜನರ ಪ್ರತಿ ಮನೆಯ ಹಿಂದೆಯೂ ಇತ್ತೆಂಬುದನ್ನು ಮರೆತಿದ್ದರು.

ಕಾವ್ಯದ ಉದ್ಯಾನ, ಅಡುಗೆಯ ಶಾಸ್ತ್ರ

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಕಾವ್ಯದ ಕಡೆಗೆ ತಿರುಗುವುದು ಸಹಜ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನಕ್ಕೆ ಸ್ಥಾನವಿದೆ. ಚಂಪೂಕವಿಗಳ ವನಗಳಲ್ಲಿ ಮಾವು, ಮಲ್ಲಿಗೆ, ಸಂಪಿಗೆ, ಅಶೋಕಗಳಿವೆ; ಕೋಗಿಲೆ, ದುಂಬಿಗಳಿವೆ. ಆ ಉದ್ಯಾನ ವಿಹಾರದ ಸ್ಥಳ. ಬದನೆಯ ಗಿಡಕ್ಕೆ ಅಲ್ಲಿ ಪ್ರವೇಶವಿಲ್ಲ.

ತರಕಾರಿ ಕನ್ನಡ ಪದ್ಯಕ್ಕೆ ಬಂದದ್ದು ಶಾಸ್ತ್ರಗ್ರಂಥಗಳ ಬಾಗಿಲಿನಿಂದ. ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನ ‘ಲೋಕೋಪಕಾರ’ (ಸುಮಾರು 1025) ವೃಕ್ಷಾಯುರ್ವೇದವನ್ನೂ ಸೂಪಶಾಸ್ತ್ರವನ್ನೂ ಒಂದೇ ಗ್ರಂಥದಲ್ಲಿ ಇರಿಸಿತು. ಗಿಡದ ಆರೈಕೆಯೂ ಅಡುಗೆಯೂ ಲೋಕಕ್ಕೆ ಉಪಕಾರಿಯಾದ ವಿದ್ಯೆಗಳೆಂಬ ಗ್ರಹಿಕೆ ಅದರ ಹೆಸರಿನಲ್ಲಿಯೇ ಇದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (1508) ಬದನೆ, ಬಾಳೆ, ಹಲಸು, ಕಳಲೆಗಳ ಪಾಕಗಳನ್ನು ಪದ್ಯದಲ್ಲಿ ವಿವರಿಸಿತು. ಕೆಳದಿಯ ಬಸವಪ್ಪನಾಯಕನ (ಆಳ್ವಿಕೆ 1697–1714) ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ವೂ ಈ ವಿದ್ಯೆಗಳಿಗೆ ಎಡೆಮಾಡಿತು. ಈ ಮೂರನ್ನೂ ಸಾಲಾಗಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಮರವನ್ನು ಬೆಳೆಸುವ ವಿದ್ಯೆಗೆ ಶಾಸ್ತ್ರದ ಗೌರವ ದೊರೆಯಿತು, ತರಕಾರಿಯನ್ನು ಬೇಯಿಸುವ ವಿದ್ಯೆಗೂ ದೊರೆಯಿತು. ಇವೆರಡರ ನಡುವೆ, ಹರಿವೆಯ ಬೀಜ ಮಣ್ಣಿಗೆ ಬಿದ್ದು ಸೊಪ್ಪಾಗುವ ಮಡಿಯ ವಿದ್ಯೆ ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿಯಿತು.

ಈ ಸೀಮೆಯ ಜೈನ ಕೇಂದ್ರಗಳನ್ನು ಅಭ್ಯಸಿಸುವವರಿಗೆ ಇನ್ನೊಂದು ಸಂಗತಿ ಉಪಯುಕ್ತ. ಶ್ರಾವಕಾಚಾರ ಕಂದಮೂಲಗಳನ್ನು ಅನಂತಕಾಯವೆಂದು ವರ್ಜಿಸುತ್ತದೆ. ಕಟ್ಟುನಿಟ್ಟಾಗಿ ನಡೆಯುವವರು ಚಾತುರ್ಮಾಸ್ಯದಲ್ಲಿ ಸೊಪ್ಪನ್ನೂ ಬಿಡುತ್ತಾರೆ. ಕರಾವಳಿಯ ಮಳೆಗಾಲದ ಮಡಿ ಮುಖ್ಯವಾಗಿ ಬಳ್ಳಿಯ ಕಾಯಿಗಳದು. ಸೊಪ್ಪು ಮತ್ತು ಮೂಲಂಗಿಯ ಮಡಿ ಮಳೆ ನಿಂತ ಮೇಲಿನದು. ವ್ರತದ ಪಂಚಾಂಗಕ್ಕೂ ಹಿತ್ತಲಿನ ಪಂಚಾಂಗಕ್ಕೂ ಇಲ್ಲಿ ಒಂದು ಹೊಂದಿಕೆಯಿದೆ. ಇದು ಕಾರ್ಯಕಾರಣ ಸಂಬಂಧವಲ್ಲ. ವ್ರತದ ಆಧಾರ ಅಹಿಂಸೆ, ಮಡಿಯ ಆಧಾರ ನೀರು. ಆದರೆ ಹಾಡುವಳ್ಳಿಯಂಥ ಮಳೆನಾಡಿನಲ್ಲಿ ಆ ವ್ರತವನ್ನು ನಡೆಸುವುದು ಸುಲಭವಾದುದರಲ್ಲಿ ಮಳೆಗಾಲದ ಸೌತೆ, ಹೀರೆಗಳ ಪಾಲೂ ಇದೆಯೆನ್ನಬೇಕು.

ಪದಗಳೆಂಬ ದಾಖಲೆ

ಕಲ್ಲು ಮತ್ತು ಓಲೆ ಮೌನವಾಗಿರುವಲ್ಲಿ ಭಾಷೆ ಮಾತನಾಡುತ್ತದೆ. ‘ಮಡಿ’ ಎಂದೊಡನೆ ಇಂದಿನ ಓದುಗನಿಗೆ ನೆನಪಾಗುವುದು ಆಚಾರದ ಶುದ್ಧಿ. ಇಮ್ಮಡಿ, ಮುಮ್ಮಡಿ ಎನ್ನುವಲ್ಲಿ ಅದು ಪಟ್ಟು. ಈ ಎರಡರ ಜೊತೆಗೆ ತೋಟದ ಪಾತಿ ಎಂಬ ಅರ್ಥವೂ ‘ಮಡಿ’ಗೆ ಉಂಟು. ಸಸಿಮಡಿ, ಏರುಮಡಿ ಎಂಬ ಇಂದಿನ ಕೃಷಿ ಪರಿಭಾಷೆ ಆ ಹಳೆಯ ಅರ್ಥದ ಮುಂದುವರಿಕೆ. ‘ಪಾತಿ’ ನೀರು ನಿಲ್ಲಿಸುವ ತಗ್ಗನ್ನು, ‘ಓಳಿ’ ಉದ್ದನೆಯ ಸಾಲನ್ನು ಹೇಳುತ್ತವೆ. ಏರಿಸುವುದಕ್ಕೊಂದು ಪದ, ತಗ್ಗಿಸುವುದಕ್ಕೊಂದು ಪದ, ಸಾಲಿಗೆ ಇನ್ನೊಂದು ಪದ ಇರುವುದು ಎರಡು ಋತುಗಳ ಮಣ್ಣನ್ನು ಬೇರೆ ಬೇರೆಯಾಗಿ ಕಂಡ ಅನುಭವದ ಗುರುತು.

ಸ್ಥಳನಾಮಗಳೂ ಸಾಕ್ಷಿ ಹೇಳುತ್ತವೆ. ‘ಮಕ್ಕಿ’ ಎಂದರೆ ಮಳೆಯ ನೀರನ್ನೇ ನಂಬಿದ ಎತ್ತರದ ಗದ್ದೆ. ಕುಮಟೆಯಲ್ಲಿ ‘ಹಿತ್ತಲಮಕ್ಕಿ’ ಎಂಬ ಕೇರಿಯಿದೆ. ಹಿತ್ತಲು ಮತ್ತು ಮಕ್ಕಿ ಒಂದೇ ಹೆಸರಿನಲ್ಲಿ ಕೂಡಿ, ಪಟ್ಟಣವಾಗುವ ಮೊದಲು ಆ ನೆಲ ಏನಾಗಿತ್ತೆಂಬುದನ್ನು ಇಂದಿಗೂ ಹೇಳುತ್ತಿವೆ.

ಎಲ್ಲಕ್ಕಿಂತ ಕುತೂಹಲದ ಪದ ‘ಮೆಣಸು’. ಅಮೆರಿಕ ಖಂಡದ ಮೆಣಸಿನಕಾಯಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂತು. ಅದು ಕಾಡಿನ ಬಳ್ಳಿಯಾಗದೆ ಹಿತ್ತಲಿನ ಮಡಿಯ ಗಿಡವಾಯಿತು. ಮೆಣಸಿನ ರಾಣಿಯ ನಾಡಿನಲ್ಲಿಯೇ ಈ ಹೊಸ ಗಿಡ ಕ್ರಮೇಣ ‘ಮೆಣಸು’ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. ಹಳೆಯ ಮೆಣಸು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣ ಹೊತ್ತು ಗುರುತು ಉಳಿಸಿಕೊಳ್ಳಬೇಕಾಯಿತು. ಹಡಗುಗಳನ್ನು ಸೆಳೆದ ಸರಕಿನ ಹೆಸರನ್ನು ಬಚ್ಚಲ ಬದಿಯ ಗಿಡ ಕಸಿದುಕೊಂಡ ಈ ಘಟನೆಯನ್ನು ಯಾವ ಶಾಸನವೂ ಬರೆದಿಲ್ಲ. ದಿನವೂ ಮೆಣಸು ಅರೆದವರ ನಾಲಿಗೆ ಅದನ್ನು ನಿರ್ಧರಿಸಿತು.

ಆಚರಣೆಯೂ ಒಂದು ದಾಖಲೆಯೇ. ಉತ್ತರ ಕನ್ನಡದ ಕರಾವಳಿಯಲ್ಲಿ ಚೌತಿಯಂದು ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತಾರೆ. ರೋಹಿಣಿಯಲ್ಲಿ ಬಿದ್ದ ಬೀಜ ಚೌತಿಯ ಹೊತ್ತಿಗೆ ಕಾಯಿಯಾಗಿರುತ್ತದೆ. ಸೌತೆ, ಹೀರೆ, ಹಾಗಲ, ತೆಂಗು, ಅಡಿಕೆಯ ಗೊನೆ, ಜೊತೆಗೆ ಕಾಡಿನ ಕಾಯಿಗಳು ಅಲ್ಲಿ ತೂಗುತ್ತವೆ. ಆ ವರ್ಷ ಆ ಹಿತ್ತಲು ಏನೇನು ಕೊಟ್ಟಿತೆಂಬುದರ ವಾರ್ಷಿಕ ಪಟ್ಟಿಯಿದು. ಪೇಟೆಯಿಂದ ಕೊಂಡು ತಂದು ಕಟ್ಟಿದ ಫಲಾವಳಿಯಲ್ಲಿ ಆ ಪಟ್ಟಿ ಸುಳ್ಳಾಗುತ್ತದೆ. ಜಾನಪದ ಸಂಶೋಧಕರು ಈ ವ್ಯತ್ಯಾಸವನ್ನು ಗುರುತಿಸಿ ಬರೆದುಕೊಳ್ಳಬೇಕು. ತುಳುನಾಡಿನ ಮಟ್ಟುಗುಳ್ಳವನ್ನು ಸೋದೆಯ ವಾದಿರಾಜರ ಐತಿಹ್ಯ ಕಾಪಾಡಿತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಐತಿಹ್ಯದ ರಕ್ಷೆಯಿಲ್ಲದ ನೂರಾರು ತಳಿಗಳಿಗೆ ಅಂಥ ಭಾಗ್ಯವಿಲ್ಲ.

ಮುಟ್ಟಳ್ಳಿಯ ವರ್ತಮಾನ

ಏರುಮಡಿಯ ವಿಚಾರ ಇತ್ತೀಚೆಗೆ ನಮ್ಮ ನಗರಗಳಿಗೆ ಬಂದದ್ದು ಹೆಚ್ಚಾಗಿ ಹೊರಗಿನ ದಾರಿಯಿಂದ. 19ನೆಯ ಶತಮಾನದ ಪ್ಯಾರಿಸ್ಸಿನ ತರಕಾರಿ ಬೆಳೆಗಾರರ ಪದ್ಧತಿಯಿಂದ ಪ್ರೇರಿತನಾದ ಅಲನ್ ಚಾಡ್ವಿಕ್ 1967ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ವಿಶ್ವವಿದ್ಯಾಲಯದ ಆವರಣದಲ್ಲಿ ಅದನ್ನು ಬೆಳೆಸಿದ. ಜಾನ್ ಜೀವನ್ಸ್ 1974ರ ತನ್ನ ಪುಸ್ತಕದಿಂದ ಜನಪ್ರಿಯಗೊಳಿಸಿದ. ನಮ್ಮ ತೋಟಗಾರಿಕೆಯ ಕೈಪಿಡಿಗಳು 7.5 ಮೀಟರ್ ಉದ್ದ, 1.2 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಸಸಿಮಡಿಯನ್ನು ಹೇಳುತ್ತವೆ. ಈ 1.2 ಮೀಟರಿನ ಮರ್ಮ ಸರಳ: ಎರಡೂ ಬದಿಯಿಂದ ಬಾಗಿದ ಕೈ ನಡುವಿನವರೆಗೆ ನಿಲುಕಬೇಕು, ಕಾಲು ಮಣ್ಣನ್ನು ತುಳಿಯಬಾರದು. ಪ್ಯಾರಿಸ್ಸಿನಲ್ಲಿಯೂ ಗೋಕರ್ಣದಲ್ಲಿಯೂ ಮಡಿಯ ಅಗಲವನ್ನು ಗೊತ್ತುಮಾಡಿದ್ದು ಮನುಷ್ಯನ ತೋಳು.

ಮುಟ್ಟಳ್ಳಿಯಂಥ ಪಟ್ಟಣದಂಚಿನ ಊರಿನಲ್ಲಿ ಗದ್ದೆ ನಿವೇಶನವಾಗುತ್ತಿದೆ. ನಿವೇಶನದಲ್ಲಿ ಮನೆ, ಅಂಗಳಕ್ಕೆ ಸಿಮೆಂಟಿನ ಹಾಸು, ಸುತ್ತ ಚಿರೆಕಲ್ಲಿನ ಕಾಂಪೌಂಡು. ಮಿಕ್ಕ ಹತ್ತಡಿ ನೆಲದಲ್ಲಿ ಕಲ್ಲು ಜೋಡಿಸಿ ಮಣ್ಣು ತುಂಬಿ ಬೆಂಡೆ, ಬಸಳೆ ಬೆಳೆಯುವ ಮನೆಗಳಿವೆ. ಅವು ಹಳೆಯ ಹಿತ್ತಲಿನ ಉತ್ತರಾಧಿಕಾರಿಗಳು. ಆದರೆ ಮಡಿಯ ಜೊತೆಗಿದ್ದ ಕಾಲುವೆ ಅಲ್ಲಿಗೆ ಬಂದಿಲ್ಲದಿದ್ದರೆ ಪಾರಂಪರ್ಯದ ಅರ್ಧ ಮಾತ್ರ ಬಂದಿದೆ. ಹಿಂದೆ ಒಂದು ಹಿತ್ತಲಿನ ನೀರು ಇನ್ನೊಂದರ ಅಂಚಿನಿಂದ ಹರಿದು ಗದ್ದೆಯನ್ನೋ ತೋಡನ್ನೋ ಸೇರುತ್ತಿತ್ತು; ನೆರೆಹೊರೆಯ ನಡುವೆ ಬರೆಯದ ಒಪ್ಪಂದವೊಂದು ಇತ್ತು. ಕಾಂಪೌಂಡಿನ ಗೋಡೆ ಆ ಒಪ್ಪಂದವನ್ನು ಮುರಿಯಿತು.

2022ರ ಆಗಸ್ಟ್ 2ರಂದು ಭಾರೀ ಮಳೆಯಲ್ಲಿ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದು ಮನೆಯ ಮೇಲೆ ಬಿದ್ದಿತು; ಅಲ್ಲಿದ್ದ ನಾಲ್ವರು ಪ್ರಾಣ ಕಳೆದುಕೊಂಡರು. ಕುಸಿತದ ಕಾರಣಗಳನ್ನು ವಿವರಿಸುವುದು ಭೂವಿಜ್ಞಾನಿಗಳ ಕೆಲಸ. ನಾಲ್ಕು ಮಡಿಗಳ ಹಿತ್ತಲು ಗುಡ್ಡವನ್ನು ತಡೆದು ನಿಲ್ಲಿಸುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಈ ನೆಲದಲ್ಲಿ ನೀರಿಗೆ ದಾರಿ ಬಿಡುವುದು ಬದುಕಿನ ಮೊದಲ ಪಾಠವೆಂಬುದನ್ನು ಆ ದಿನ ಕ್ರೂರವಾಗಿ ನೆನಪಿಸಿತು. ಅದೇ ಪಾಠವನ್ನು ಹರಿವೆ ಬೆಳೆಯುವ ನೆಪದಲ್ಲಿ ಪ್ರತಿ ಮನೆಗೂ ಪ್ರತಿ ವರ್ಷ ಕಲಿಸುತ್ತಿದ್ದುದು ಹಿತ್ತಲು. ಮಳೆ ಬರುವ ಮೊದಲು ಹಾರೆ ಹಿಡಿದು ಮನೆಯ ಸುತ್ತ ನೀರಿನ ಹಾದಿಯನ್ನು ನೋಡುವ ಅಭ್ಯಾಸ ತಪ್ಪಿದರೆ, ತಪ್ಪಿದ್ದು ಬರಿಯ ತರಕಾರಿಯಲ್ಲ.

ಶಿರಸಿಯಲ್ಲಿ 2001ರಿಂದ ‘ವನಸ್ತ್ರೀ’ ಎಂಬ ಮಹಿಳೆಯರ ಬಳಗ ಹಿತ್ತಲಿನ ಬೀಜಗಳನ್ನು ಉಳಿಸುವ ಕೆಲಸ ಮಾಡುತ್ತಿದೆ. ಬೀಜ ಉಳಿಸುವ ಕೆಲಸಕ್ಕೆ ಜೊತೆಯಾಗಿ ಮಾತು ಉಳಿಸುವ ಕೆಲಸವೂ ನಡೆಯಬೇಕು. ಅದು ಭಾಷೆಯ ವಿದ್ಯಾರ್ಥಿಗಳ ಪಾಲಿನದು. ಮಡಿಯ ಅಂಚಿಗೆ, ನಡುವಿನ ಕಾಲುವೆಗೆ, ಮೊದಲ ಮೊಳಕೆಗೆ, ಬೀಜಕ್ಕೆಂದು ಬಿಟ್ಟ ಕಾಯಿಗೆ, ಕೊಳೆತ ಬೇರಿಗೆ ನಾಮಧಾರಿ, ಹಾಲಕ್ಕಿ, ಗೊಂಡ, ಮೊಗೇರ, ನವಾಯತ, ಹವ್ಯಕ, ಕೊಂಕಣಿ ಮನೆಗಳಲ್ಲಿ ಏನೇನು ಹೆಸರಿವೆಯೆಂದು ಊರೂರಿನಲ್ಲಿ ಕೇಳಿ ಬರೆದುಕೊಂಡರೆ, ಅದುವೇ ಈ ಸೀಮೆಯ ಹಿತ್ತಲಿನ ಮೊದಲ ಶಾಸನಸಂಪುಟವಾದೀತು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹತ್ತಿರದ್ದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಎತ್ತಿತೋರುತ್ತದೆ. ದೂರದ ಬಂದರುಗಳ ಲೆಕ್ಕವನ್ನು ಚೆನ್ನಾಗಿ ಓದಿರುವ ನಮ್ಮ ಚರಿತ್ರೆಗೂ ಆ ಗಾದೆ ಸಲ್ಲುತ್ತದೆ. ಹೇಳಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಕೇಳಲು ಉಳಿದಿರುವ ಮಳೆಗಾಲಗಳು ಹೆಚ್ಚಿಲ್ಲ.